ಬೇಡದ ಬದಿಗೆ ಇಂಟು

ಏಪ್ರಿಲ್ ೧೪, ಸೋಮವಾರ

ಇವಳು ಈ ಪುಸ್ತಕವನ್ನು ನನ್ನ ಮುಂದೆ ತಂದು ಕುಕ್ಕಿ, "ಮನೇಲಿ ಎಲ್ಲರ ಮೇಲೂ ಹಾರಾಡೋ ಬದಲು ಇದರಲ್ಲಿ ಬರ್ಕೊಳ್ಳಿ. ಪುಸ್ತಕಕ್ಕೆ ಕಿವಿ ಇಲ್ಲ, ಬೇಜಾರಾಗಲ್ಲ" ಅಂದಳು. ಹೆಂಡತಿ ಹೇಳಿದಳೆಂದು ಬರೆಯುತ್ತಿಲ್ಲ. ಮೂವತ್ತೊಂದು ವರ್ಷ ಬಾಗಿಲು, ಕಿಟಕಿಗಳ ಅಳತೆ ಬರೆದ ಕೈ ಸುಮ್ಮನಿರುವುದಿಲ್ಲ, ಅಷ್ಟೆ. ಪುಸ್ತಕ ಮಾತ್ರ ಕಳಪೆ. ಗೆರೆಗಳನ್ನು ಯಾವನೋ ಕುಡುಕ ಹಾಕಿದ ಹಾಗಿದೆ, ನಡುವೆ ಬಂದು ಬಳುಕುತ್ತವೆ.

ಇವತ್ತು ಹಾರಾಡಿದ್ದು ಮಗಳ ಮೇಲೆ. ಹುಟ್ಟಿದ ದಿನ ನಾನೇ ಅಳೆದು ನೋಡಿದ್ದೆ, ಸರಿಯಾಗಿ ಎರಡು ಗೇಣು ಇದ್ದಳು. ಆಗಿನಿಂದ ಅವಳು ನನಗೆ ಗೇಣು. ಈಗ ನನ್ನ ಕಿವಿಯವರೆಗೆ ಬಂದಿದ್ದಾಳೆ, ಹೆಸರು ಹಾಗೇ ಉಳಿದಿದೆ. ಹತ್ತನೆಯ ತರಗತಿಯ ಪರೀಕ್ಷೆ ಮುಗಿಯಿತು. ಮುಂದಕ್ಕೆ ನಾಲ್ಕು ದಾರಿ ಎಂದು ಶಾಲೆಯವರು ಹೇಳಿ ಕಳುಹಿಸಿದ್ದಾರೆ: ಕಾಲೇಜಿನಲ್ಲಿ ವಿಜ್ಞಾನ, ಕಾಲೇಜಿನಲ್ಲಿ ವಾಣಿಜ್ಯ, ಆಸ್ಪತ್ರೆ ಸಹಾಯಕರ ತರಬೇತಿ, ಭೂಮಾಪನ ತರಬೇತಿ. ವಿಜ್ಞಾನ ಎಂದು ಅವಳು ತೊಟ್ಟಿಲಲ್ಲಿದ್ದಾಗಲೇ ನಾನು ತೀರ್ಮಾನಿಸಿಯಾಗಿತ್ತು.

"ನಾಲ್ಕನೇದು ಅಪ್ಪ," ಅಂದಳು. "ಭೂಮಿ ಅಳೆಯೋದು. ಹನ್ನೆರಡೇ ಸೀಟು ಇರೋದು."

"ಬಿಸಿಲಲ್ಲಿ ಕೋಲು ಹಿಡ್ಕೊಂಡು ನಿಲ್ಲೋಕೆ ಹತ್ತು ವರ್ಷ ಓದಿದ್ಯಾ? ಈ ಮನೇಲಿ ಟೇಪು ಹಿಡಿಯೋದು ನನ್ನ ತಲೆಗೇ ಮುಗೀಲಿ."

"ಅಳೆಯೋದು ಅಷ್ಟು ಕೆಟ್ಟ ಕೆಲಸ ಆದ್ರೆ ದಿನಾ ಅದರದ್ದೇ ಜಂಭ ಯಾಕೆ ಕೊಚ್ತೀಯ?"

ಮಾತಿಗೆ ಮಾತು ಬೆಳೆಯಿತು. ತಟ್ಟೆ ತಳ್ಳಿ ಎದ್ದೆ. ಆಮೇಲೆ ಯಾರೂ ಊಟಕ್ಕೆ ಕರೆಯಲಿಲ್ಲ, ಹಸಿವಾಗುತ್ತಿದೆ.

ಏಪ್ರಿಲ್ ೧೭, ಗುರುವಾರ

ನಮ್ಮ ಬಾಗಿಲು ಕಾರ್ಖಾನೆಗೆ ಮರದಂಗಡಿಯವನು ಹನ್ನೆರಡು ಹಲಗೆ ಕಳುಹಿಸಿದ್ದ. ಒಂದಾದರೂ ನೆಟ್ಟಗಿರಲಿಲ್ಲ. ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದರೆ ಪ್ರತಿಯೊಂದಕ್ಕೂ ನಡುವಿನಲ್ಲಿ ಬಾಗು. ಅಷ್ಟನ್ನೂ ವಾಪಸು ಹೊರಿಸಿದೆ. ಉದ್ದಕ್ಕೂ ದಾರ ಎಳೆದು ನೆಟ್ಟಗಿದೆ ಎಂದು ತೋರಿಸುತ್ತೇನೆ ಅಂದ ಮಹಾರಾಯ. ದಾರವೂ ಅವನದೇ ಅಲ್ಲವೇ!

ಪಾಲಿಶಿನವನಿಗೆ ಬಾಯಿ ಸುಮ್ಮನಿರುವುದಿಲ್ಲ. "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ" ಎಂದು ಇಡೀ ಕಾರ್ಖಾನೆಗೆ ಕೇಳುವಂತೆ ಅಂದ. ಒಂದು ಚಕ್ಕೆ ತೆಗೆದು ಬೀಸಿ ಎಸೆದೆ. ತಾಗಲಿಲ್ಲ. ಗರಗಸದ ಮಿಷನ್ನಿನ ಮೇಲಿನ ದೀಪ ಬದಲಾಯಿಸಿ ಎಂದು ಯಜಮಾನರಿಗೆ ಮೂರನೆಯ ಸಲ ಹೇಳಿದೆ. ಕಿವುಡರ ಮುಂದೆ ಶಂಖ ಊದಿದ ಹಾಗೆ.

ಏಪ್ರಿಲ್ ೨೦, ಭಾನುವಾರ

ಗೇಣು ನನ್ನ ಟೇಪು ಕದ್ದು ಮುಂದಿನ ಕೋಣೆಯ ನೆಲ ಅಳೆಯುತ್ತಿದ್ದಳು. ಈ ಮೂಲೆಯಿಂದ ಎದುರಿನ ಮೂಲೆಗೆ ಓರೆಯಾಗಿ, ಮತ್ತೆ ಉಳಿದೆರಡು ಮೂಲೆಗಳ ನಡುವೆ ಓರೆಯಾಗಿ.

"ಎರಡು ಅಂಗುಲ ವ್ಯತ್ಯಾಸ ಇದೆ ಅಪ್ಪ. ಈ ಕೋಣೆ ಚೌಕ ಅಲ್ಲ. ನೀನು ಇಷ್ಟು ವರ್ಷ ಚೌಕ ಅಂತಿದ್ದೆ."

"ನೀನು ಟೇಪು ಸರಿಯಾಗಿ ಹಿಡಿದಿಲ್ಲ."

"ಬಾ, ನೀನೇ ಹಿಡಿ."

ಹಿಡಿದೆ. ಅವಳು ಅಂಕಿ ಓದಿದಳು, ನಾನು ಹೂಂ ಅಂದೆ. ಎರಡು ಸಲವೂ ಅವಳು ಹೇಳಿದ್ದೇ ಬಂತು. ಆಮೇಲೆ ಒಂದು ಹಾಳೆಯ ಮೇಲೆ ಕೋಣೆ ಬಿಡಿಸಿ, ಯಾವ ಗೋಡೆ ಎಲ್ಲಿ ಜಾರಿದೆ ಎಂದು ತೋರಿಸಿದಳು. ಅವಳ ಬೆರಳು ಹಾಳೆಯ ಮೇಲೆ ಹೋಗುವುದನ್ನೇ ನೋಡುತ್ತಿದ್ದೆ. ಪಳಗಿದವರ ಬೆರಳು. ನನ್ನಪ್ಪ ಹಲಗೆಯ ಮೇಲೆ ಬೆರಳಾಡಿಸುತ್ತಿದ್ದುದು ಹೀಗೇ. ಹೇಳಿದರೆ ಹೆಗಲೇರುತ್ತಾಳೆಂದು ಬಾಯಿ ಬಿಡಲಿಲ್ಲ. ಆದರೆ ನಿಜ ಬರೆಯುತ್ತೇನೆ: ಅವಳನ್ನು ವಿಜ್ಞಾನಕ್ಕೆ ಹಾಕಿದರೆ ಒಳ್ಳೆಯ ತೇಗದ ಮರವನ್ನು ಸೌದೆಗೆ ಹಾಕಿದ ಹಾಗೆ.

ಏಪ್ರಿಲ್ ೨೫, ಶುಕ್ರವಾರ

ಮಧ್ಯಾಹ್ನ ರಜೆ ಹಾಕಿ ಶಾಲೆಗೆ ಹೋಗಿ ಅರ್ಜಿ ತುಂಬಿ ಬಂದೆ. ತಂದೆಯೋ ತಾಯಿಯೋ ಸ್ವಂತ ಕೈಯಿಂದಲೇ ತುಂಬಿ, ರುಜು ಹಾಕಿ, ಅಲ್ಲೇ ಲಕೋಟೆ ಅಂಟಿಸಿ ಕೊಡಬೇಕಂತೆ. ಮಕ್ಕಳು ಮುಟ್ಟುವ ಹಾಗಿಲ್ಲ. ಈಗಿನವರು ಅಚ್ಚು ಹಾಕುವುದು ಇರುವೆಗೆ ಓದಲಿಕ್ಕಿರಬೇಕು, ಅಷ್ಟು ಸಣ್ಣ ಅಕ್ಷರ. ನಾಲ್ಕು ದಾರಿಗಳ ಹೆಸರು ಮಾತ್ರ ದೊಡ್ಡದಾಗಿತ್ತು, ಮುಂದೆ ನಾಲ್ಕು ಚೌಕ. ಅದಕ್ಕಿಂತ ಹೆಚ್ಚು ಯಾರಿಗೆ ಬೇಕು?

ಬೇಡದ ಮೂರಕ್ಕೂ ಇಂಟು ಹಾಕಿದೆ. ಭೂಮಾಪನದ ಚೌಕ ಹಾಗೇ ಬಿಟ್ಟೆ. ಹಲಗೆಗೆ ಗೆರೆ ಎಳೆದ ಮೇಲೆ ಬಿಸಾಡುವ ಬದಿಗೆ ಇಂಟು ಹಾಕುತ್ತೇವೆ, ಬೇಕಾದ ಬದಿಯನ್ನು ಪೆನ್ಸಿಲ್ಲಿನಿಂದ ಕೊಳೆ ಮಾಡುವುದಿಲ್ಲ. ನನ್ನಪ್ಪ ಕಲಿಸಿದ ಮೊದಲ ಪಾಠ.

ಮನೆಯಲ್ಲಿ ಯಾರಿಗೂ ಹೇಳಿಲ್ಲ. ನಾನು ವಿಜ್ಞಾನಕ್ಕೇ ಹಾಕಿದ್ದೇನೆಂದು ತಾಯಿ ಮಗಳು ಇಬ್ಬರೂ ಮುಖ ಊದಿಸಿಕೊಂಡಿದ್ದಾರೆ. ಊದಿಸಿಕೊಳ್ಳಲಿ. ಪಟ್ಟಿ ಬಂದ ದಿನ ಅವಳ ಮುಖ ನೋಡಬೇಕು ನಾನು.

ಮೇ ೧೨, ಸೋಮವಾರ

ಫಲಿತಾಂಶ ಬಂತು. ಗಣಿತದಲ್ಲಿ ಶಾಲೆಗೇ ಎರಡನೆಯವಳು. ಕಾರ್ಖಾನೆಯಲ್ಲಿ ಎಲ್ಲರಿಗೂ ಚಹಾ ಕೊಡಿಸಿದೆ. ಪಾಲಿಶಿನವ ಎರಡು ಲೋಟ ಕುಡಿದು, "ಬುದ್ಧಿ ತಾಯಿ ಕಡೆಯದು ಬಿಡು" ಅಂದ. ಇರಬಹುದು, ಇವತ್ತು ಯಾರೇನಂದರೂ ಬೇಜಾರಿಲ್ಲ.

ಮೇ ೧೬, ಶುಕ್ರವಾರ

ಪಟ್ಟಿ ಬಂತು. ವಾಣಿಜ್ಯ.

ಗೇಣು ಬಾಗಿಲು ಹಾಕಿಕೊಂಡು ಒಳಗಿದ್ದಾಳೆ. ಆ ಬಾಗಿಲು ನಾನೇ ಮಾಡಿದ್ದು, ಎರಡು ಅಂಗುಲ ದಪ್ಪ. ಆದರೂ ಅಳು ಕೇಳಿಸುತ್ತಿದೆ.

ಮೇ ೧೯, ಸೋಮವಾರ

ಬೆಳಿಗ್ಗೆ ಶಾಲೆಗೆ ಓಡಿದೆ. ಹೆಡ್‌ಮಿಸ್ಸು ನನ್ನ ಅರ್ಜಿಯನ್ನು ತೆಗೆದು ಮೇಜಿನ ಮೇಲಿಟ್ಟರು.

"ನೀವು ಮೂರು ಕೇಳಿದ್ದೀರಿ. ವಿಜ್ಞಾನ ತುಂಬಿತ್ತು, ವಾಣಿಜ್ಯ ಸಿಕ್ಕಿದೆ. ಭೂಮಾಪನ ನೀವು ಕೇಳೇ ಇಲ್ಲವಲ್ಲ."

"ಕೇಳಿಲ್ವಾ? ಅದೊಂದನ್ನೇ ಕೇಳಿದ್ದು! ಬೇರೆ ಮೂರಕ್ಕೂ ಇಂಟು ಹೊಡೆದಿದ್ದೀನಿ ನೋಡಿ."

ಅವರು ನನ್ನನ್ನು ನೋಡಿದರು, ಆಮೇಲೆ ಹಾಳೆಯನ್ನು ನನ್ನ ಕಡೆ ತಿರುಗಿಸಿ ಒಂದು ಸಾಲಿನ ಕೆಳಗೆ ಬೆರಳಿಟ್ಟರು. ಅಲ್ಲಿ ನನಗೆ ಕಂಡದ್ದು ಒಂದು ಬೂದು ಕಲೆ. ನಾನು ಓದುವವನ ಹಾಗೆ ತಲೆ ಆಡಿಸಿದೆ. ಅವರೇ ಓದಿದರು: "ಒಪ್ಪಿಗೆ ಇರುವ ದಾರಿಗಳ ಮುಂದೆ ಮಾತ್ರ ಇಂಟು ಗುರುತು ಹಾಕಿ. ಗರಿಷ್ಠ ಮೂರು." ಆಮೇಲೆ ಹೇಳಿದರು: "ಮಿಷನ್ನು ಓದೋ ಅರ್ಜಿ ಇದು, ಅದಕ್ಕೆ ಗೊತ್ತಿರೋ ಗುರುತು ಅದೊಂದೇ."

ಮಗಳಿಗೆ ಬೇಡದ ಮೂರನ್ನೂ ಕೇಳಿ, ಬೇಕಾದ ಒಂದನ್ನು ಬಿಟ್ಟು ಬಂದಿದ್ದೇನೆ. ಮೂರೂ ಇಂಟು ಚೌಕದ ನಡುವೆಯೇ ಬಿದ್ದಿವೆ, ದರಿದ್ರದವು.

ಹೆಡ್‌ಮಿಸ್ಸು ಒಳ್ಳೆಯ ಹೆಂಗಸು. ದನಿ ತಗ್ಗಿಸಿ ಹೇಳಿದರು, ತಿದ್ದಲು ಒಂದೇ ದಾರಿ ಇದೆ, ಅರ್ಜಿ ತುಂಬಿದವರಿಗೆ ಓದಲು ಬರುವುದಿಲ್ಲ ಅಥವಾ ಕಣ್ಣು ಕಾಣುವುದಿಲ್ಲ ಎಂದಾದರೆ ಇಪ್ಪತ್ತೆಂಟನೆಯ ತಾರೀಖಿನೊಳಗೆ ಡಾಕ್ಟರ ಪತ್ರದ ಜೊತೆ ಹೊಸ ಅರ್ಜಿ ಕೊಡಬಹುದು. "ನಿಮಗೆ ಓದಲು ತೊಂದರೆ ಏನಾದರೂ..." ಅಂದರು.

"ನನಗ್ಯಾಕೆ ತೊಂದರೆ? ದಿನಾ ಪೇಪರ್ ಓದೋನು ನಾನು!" ಎಂದು ಎದ್ದು ಬಂದುಬಿಟ್ಟೆ.

ಹೋದ ವರ್ಷ ನಮ್ಮಲ್ಲಿ ಮಿಷನ್ನಿನ ಹಳಬನಿಗೆ ಕಣ್ಣು ಮಂದ ಎಂದು ಡಾಕ್ಟರು ಬರೆದುಕೊಟ್ಟ ಮಾರನೆಯ ದಿನವೇ ಯಜಮಾನರು ಅವನನ್ನು ಗೇಟಿನ ಸ್ಟೂಲಿಗೆ ಕೂರಿಸಿದರು. ಬಂದ ಗಾಡಿ, ಹೋದ ಗಾಡಿಗೆ ಕೈ ಬೀಸುವುದು ಕೆಲಸ. ಮೂರು ತಿಂಗಳಲ್ಲಿ ಮುದುಕನಾದ. ನಾನು ಅಲ್ಲಿ ಕೂರಲಾರೆ. ನನ್ನ ಕಣ್ಣಿಗೆ ಏನೂ ಆಗಿಲ್ಲ, ಬೆಳಕು ಸಾಲದು ಅಷ್ಟೆ.

ಮೇ ೨೦, ಮಂಗಳವಾರ

ಗೇಣು ನಾಲ್ಕು ದಿನದಿಂದ ನನ್ನೊಂದಿಗೆ ಮಾತಾಡಿಲ್ಲ. ನಡೆದದ್ದನ್ನು ಹೇಳಿದೆ, ನನ್ನ ಕಸುಬಿನಲ್ಲಿ ಇಂಟು ಅಂದರೆ ಬೇಡ ಅಂತ, ಹಾಗೆ ಹಾಕಿಬಿಟ್ಟೆ ಅಂತ. ಅವಳು ಗೋಡೆ ನೋಡುತ್ತಾ ತಾಯಿಗೆ ಹೇಳಿದಳು: "ಅಮ್ಮಾ, ಅಲ್ಲೇ ಬರೆದಿತ್ತು ಅಂತ ಕೇಳು. ಅಷ್ಟು ಓದೋಕೆ ಇವರಿಗೆ ಬರಲ್ವಾ ಅಂತ ಕೇಳು."

'ಇವರು' ಅಂದಳು. ಹದಿನಾರು ವರ್ಷದಲ್ಲಿ ಮೊದಲ ಸಲ ನನ್ನನ್ನು ಬಹುವಚನದಲ್ಲಿ ಕರೆದದ್ದು.

ಬೇಕೆಂದೇ ಮಾಡಿದ್ದೇನೆ ಅಂದುಕೊಂಡಿದ್ದಾಳೆ. ತಟ್ಟೆ ತಳ್ಳಿ ಎದ್ದವನು ನಾನೇ, ಯಾಕೆ ಅಂದುಕೊಳ್ಳಬಾರದು? ಮಾಡಿದ್ದುಣ್ಣೋ ಮಹಾರಾಯ.

ಸಂಜೆ ಮನೆಯಲ್ಲಿ ನನ್ನ ಸಾಮಾನಿನ ಪೆಟ್ಟಿಗೆಯ ಮೇಲೆ ಯಾರೋ ಒಂದು ಚೀಟಿ ಇಟ್ಟಿದ್ದರು. ಮರದಂಗಡಿಯವನ ತಕರಾರೇ ಇರಬೇಕು, ಬೇರೆ ಯಾರು ನನಗೆ ಚೀಟಿ ಕಳುಹಿಸುತ್ತಾರೆ? ಓದುವ ತಾಳ್ಮೆ ಇರಲಿಲ್ಲ. ಊಟದ ಮೇಜು ಅಲ್ಲಾಡುತ್ತಿತ್ತು, ನಾಲ್ಕು ಮಡಿಕೆ ಮಾಡಿ ಅದರ ಕಾಲಿನ ಕೆಳಗೆ ಕೊಟ್ಟೆ. ಊಟಕ್ಕೆ ಕೂತಾಗ ಗೇಣು ನನ್ನ ಮುಖವನ್ನೇ ನೋಡುತ್ತಿದ್ದಳು, ನಾನೇನೋ ಹೇಳಬೇಕು ಎನ್ನುವ ಹಾಗೆ. ಮಾತಾಡುತ್ತಾಳೇನೋ ಎಂದು ಆಸೆಯಾಯಿತು. "ನೋಡು, ಮೇಜು ಈಗ ಅಲ್ಲಾಡಲ್ಲ" ಅಂದೆ. ತಟ್ಟೆ ಬಿಟ್ಟು ಎದ್ದು ಹೋದಳು.

ಮೇ ೨೧, ಬುಧವಾರ

ಶಿಕ್ಷಣ ಕಚೇರಿ. ಎರಡೂವರೆ ಗಂಟೆ ಸಾಲು. ಮೆಟ್ಟಿಲಿಳಿಯುವಾಗ ಒಂದು ಮೆಟ್ಟಿಲು ಇರಬೇಕಾದ ಕಡೆ ಇರಲಿಲ್ಲ, ಮೊಣಕಾಲು ತರಚಿತು.

ಕೌಂಟರಿನ ಹೆಂಗಸಿಗೆ ಎಲ್ಲವನ್ನೂ ಹೇಳಿದೆ. ಬೇಡಿಕೊಂಡೆ. ಬಡಗಿಗಳು ಹೇಗೆ ಗೆರೆ ಎಳೆಯುತ್ತಾರೆ, ಇಂಟು ಎಲ್ಲಿ ಹಾಕುತ್ತಾರೆ ಎಂದು ಅವಳ ಮೇಜಿನ ಮೇಲೆಯೇ ಪೆನ್ಸಿಲ್ಲಿನಿಂದ ಬರೆದು ತೋರಿಸಿದೆ. ಅವಳು ಒದ್ದೆ ಬಟ್ಟೆಯಿಂದ ಮೇಜು ಒರೆಸಿಕೊಂಡಳು.

"ನಿಮಗೆ ಓದೋಕೆ ಬರುತ್ತಾ?"

"ಬರುತ್ತೆ."

"ಕಣ್ಣು ಕಾಣುತ್ತಾ?"

"ಕಾಣುತ್ತೆ."

"ರುಜು ನಿಮ್ಮದೇ ತಾನೇ? ಹಾಗಾದ್ರೆ ಇದು ತಪ್ಪಲ್ಲ ಸ್ವಾಮಿ, ಆಯ್ಕೆ. ಮುಂದಿನವರು ಬನ್ನಿ."

ಹೊರಗೆ ಕಟ್ಟೆಯ ಮೇಲೆ ತಲೆಯ ಮೇಲೆ ಕೈಹೊತ್ತು ಕೂತೆ. ಯಾರನ್ನು ಹಿಡಿಯಲಿ? ಯಾರ ಕಾಲಿಗೆ ಬೀಳಲಿ? ಇಪ್ಪತ್ತೆಂಟಕ್ಕೆ ಇನ್ನು ಏಳು ದಿನ.

ಮೇ ೨೨, ಗುರುವಾರ

ಭೂಮಾಪನ ಶಾಲೆಗೇ ನೇರವಾಗಿ ಹೋದೆ. ಕಾವಲಿನವನು ಒಳಗೆ ಬಿಡಲಿಲ್ಲ. ಗೇಟಿನ ಸಂದಿಯಿಂದ ಅಂಗಳ ಕಂಡಿತು. ಮೂರು ಕಾಲಿನ ಮೇಲೆ ದುರ್ಬೀನು ಇಟ್ಟುಕೊಂಡು ಇಬ್ಬರು ಹುಡುಗಿಯರು ದೂರದ ಕೋಲಿಗೆ ಗುರಿ ಹಿಡಿದಿದ್ದರು. ಒಬ್ಬಳು ಅಂಕಿ ಕೂಗುತ್ತಿದ್ದಳು, ಇನ್ನೊಬ್ಬಳು ಬರೆಯುತ್ತಿದ್ದಳು. ಆ ಕೂಗುವವಳ ಜಾಗದಲ್ಲಿ ನನ್ನ ಮಗಳಿರಬೇಕಿತ್ತು. ಅಲ್ಲಿ ನಿಲ್ಲಲಾಗಲಿಲ್ಲ.

ಮೇ ೨೩, ಶುಕ್ರವಾರ

ಇದನ್ನು ಬರೆಯಬಾರದು, ಬರೆಯುತ್ತೇನೆ.

ಮಿಷನ್ನಿಗೆ ಹಲಗೆ ಕೊಡುತ್ತಿದ್ದೆ. ಗೆರೆ ನನ್ನ ಕಣ್ಣ ಮುಂದೆಯೇ ಇತ್ತು. ಗರಗಸದ ಹತ್ತಿರ ಬಂದಾಗ ಇರಲಿಲ್ಲ. ನಡುವಿನಲ್ಲಿ ಯಾರೋ ಹೆಬ್ಬೆರಳಿನಿಂದ ಒರೆಸಿದ ಹಾಗೆ. ನಾನು ಹುಡುಕುತ್ತಾ ಬಗ್ಗಿದೆ. ಪಾಲಿಶಿನವ ಹಿಂದಿನಿಂದ ನನ್ನ ಅಂಗಿ ಹಿಡಿದು ಎಳೆದ. ಎಡಗೈಯ ಉಗುರಿನ ತುದಿ ಹೋಗಿದೆ, ಬೆರಳು ಉಳಿಯಿತು.

ಅವನು ತಮಾಷೆ ಮಾಡಲಿಲ್ಲ. ಮಿಷನ್ನು ಆರಿಸಿ, ಬಟ್ಟೆ ಸುತ್ತಿಕೊಟ್ಟು, "ಯಜಮಾನರಿಗೆ ನಾನು ಹೇಳಲ್ಲ. ನೀನೇ ಹೇಳ್ಬೇಕು ಅಣ್ಣ" ಅಂದ. ಇಷ್ಟು ವರ್ಷದಲ್ಲಿ ಅವನು ನನ್ನನ್ನು ಅಣ್ಣ ಅಂದದ್ದಿಲ್ಲ.

ಮೇ ೨೪, ಶನಿವಾರ

ಮಧ್ಯಾಹ್ನ ಇವಳು ನೆಲ ಒರೆಸಲು ಮೇಜು ಎತ್ತಿದಳು. ಕಾಲಿನ ಕೆಳಗಿನ ಚೀಟಿ ಹೊರಗೆ ಬಂತು. ಗೇಣು ಅಲ್ಲೇ ಇದ್ದಳು, ಬಗ್ಗಿ ಎತ್ತಿಕೊಂಡಳು. ಬಿಡಿಸಿ ನೋಡಿದಳು.

"ಇದನ್ನ ಇಲ್ಲಿಟ್ಟಿದ್ದು ಯಾರು?"

"ನಾನು. ಯಾಕೆ? ಮರದಂಗಡಿಯವನ ಚೀಟಿ ಅದು."

"ಮರದಂಗಡಿಯವನ ಚೀಟಿನಾ?" ಹಾಳೆಯನ್ನು ನನ್ನ ಮುಖದ ಹತ್ತಿರ ಹಿಡಿದಳು. "ಓದು."

"ಈಗೇನು ಓದೋದು, ಹಳೇ ತಕರಾರು..."

"ಅಪ್ಪಾ. ಓದು."

ಏಕವಚನಕ್ಕೆ ಬಂದಳಲ್ಲ ಎಂದು ಒಂದು ಕ್ಷಣ ಸಂತೋಷವಾಯಿತು. ಹಾಳೆಯನ್ನು ದೂರ ಹಿಡಿದೆ, ಹತ್ತಿರ ಹಿಡಿದೆ, ಕಿಟಕಿಗೆ ತಿರುಗಿಸಿದೆ. ಅಂಚಿನಲ್ಲಿ ಅಕ್ಷರಗಳು ಇದ್ದವು, ನೋಡಹೋದರೆ ನಡುವೆ ಕರಗುತ್ತಿದ್ದವು. ಅದು ಅವಳ ಕೈಬರಹ ಎಂಬುದೂ ನನಗೆ ತಿಳಿಯಲಿಲ್ಲ. ಒಂದನೆಯ ತರಗತಿಯಿಂದ ನಾನು ನೋಡಿಕೊಂಡು ಬಂದ ಕೈಬರಹ.

ಇವಳು ಒರೆಸುವ ಬಟ್ಟೆ ಕೆಳಗಿಟ್ಟು, "ಒಂದು ವರ್ಷದಿಂದ ಪೇಪರ್ ಬರೀ ಮಗುಚ್ತಾರೆ ಕಣೇ. ರೇಡಿಯೋದಲ್ಲಿ ಕೇಳಿದ್ದನ್ನೇ ಪೇಪರಲ್ಲಿ ಓದಿದ ಹಾಗೆ ಹೇಳ್ತಾರೆ. ಕೇಳಿದ್ರೆ ಮೈಮೇಲೆ ಬೀಳ್ತಾರೆ ಅಂತ ಸುಮ್ನಿದ್ದೆ" ಅಂದಳು.

ಗೇಣು ನೆಲದ ಮೇಲೆಯೇ ಕೂತು ತಾನೇ ಓದಿದಳು. ಹೆಚ್ಚೇನಿರಲಿಲ್ಲ. "ಅಪ್ಪಾ, ಬೇಕಂತಲೇ ಮಾಡಿದ್ಯಾ? ಮಾಡಿದ್ರೆ ಮಾಡಿದೆ ಅಂತ ಹೇಳು, ನಾನು ವಾಣಿಜ್ಯಕ್ಕೆ ಹೋಗ್ತೀನಿ. ಇಲ್ಲ ಅಂತಾದ್ರೆ ಇವತ್ತು ಊಟಕ್ಕೆ ಕೂತಾಗ ಬರೀ 'ಇಲ್ಲ' ಅನ್ನು. ನಂಬ್ತೀನಿ. ಏನೂ ಹೇಳದಿದ್ರೆ ಇನ್ನು ಕೇಳಲ್ಲ."

ಅವತ್ತು ನಾನು ಹೇಳಿದ್ದು ಮೇಜು ಅಲ್ಲಾಡಲ್ಲ ಅಂತ.

ಅತ್ತುಬಿಟ್ಟೆ. ಮಗಳ ಮುಂದೆ ಅತ್ತೆ, ನಾಚಿಕೆ ಏನೂ ಆಗಲಿಲ್ಲ. ಮಿಷನ್ನಿನ ವಿಷಯ, ಉಗುರಿನ ವಿಷಯ, ಹೆಡ್‌ಮಿಸ್ಸು ಹೇಳಿದ ಡಾಕ್ಟರ ಪತ್ರದ ವಿಷಯ, ಎಲ್ಲ ಹೇಳಿದೆ. ತಿದ್ದುವ ದಾರಿ ಐದು ದಿನದಿಂದ ನನ್ನ ಜೇಬಿನಲ್ಲೇ ಇತ್ತು, ಗೇಟಿನ ಸ್ಟೂಲಿಗೆ ಹೆದರಿ ಮುಚ್ಚಿಟ್ಟುಕೊಂಡಿದ್ದೆ ಎಂದೂ ಹೇಳಿದೆ. ಬಯ್ಯುತ್ತಾಳೆ ಅಂದುಕೊಂಡೆ. ಬಯ್ದಿದ್ದರೆ ಚೆನ್ನಾಗಿತ್ತು.

"ಮಿಷನ್ನು ಬಿಟ್ರೆ ನೀನು ಏನು ಮಾಡ್ತೀಯ?" ಅಂದಳು.

ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡೆ.

ಮೇ ೨೬, ಸೋಮವಾರ

ಕಣ್ಣಿನ ಡಾಕ್ಟರು ಚೌಕುಳಿ ಹಾಳೆಯೊಂದನ್ನು ನನ್ನ ಮುಂದಿಟ್ಟು, ನಡುವಿನ ಚುಕ್ಕೆ ನೋಡಿ ಅಂದರು. ಚುಕ್ಕೆ ಇರಲಿಲ್ಲ. ಸುತ್ತಲಿನ ಗೆರೆಗಳೆಲ್ಲ ಒಳಕ್ಕೆ ಬಾಗಿದ್ದವು.

"ಈ ಹಾಳೆ ಸರಿಯಿಲ್ಲ ಡಾಕ್ಟ್ರೇ. ಗೆರೆ ಎಲ್ಲ ಡೊಂಕು."

ಜೊತೆಗೆ ಬಂದಿದ್ದ ಇವಳು ಮೆಲ್ಲಗೆ ಹೇಳಿದಳು: "ನೆಟ್ಟಗೇ ಇವೆಯಲ್ರೀ."

ಹಾಗಾದರೆ ಹಲಗೆಗಳೂ ನೆಟ್ಟಗಿದ್ದವು. ಹನ್ನೆರಡೂ.

ಕಣ್ಣಿನ ಹಿಂದಿನ ಪರದೆ ನಡುವಿನಲ್ಲಿ ಹಾಳಾಗಿದೆಯಂತೆ. ಬಲಗಣ್ಣಿನದು ಮುಗಿದ ಕಥೆ, ಎಡಗಣ್ಣಿಗೂ ಹತ್ತಿದೆ. ಕನ್ನಡಕದಿಂದ ಆಗುವಂಥದ್ದಲ್ಲ. ಸೂಜಿಮದ್ದು ಕೊಟ್ಟರೆ ಎಡಗಣ್ಣಿನದು ನಿಧಾನವಾದೀತು, ಹೋದದ್ದು ಬಾರದು. ಅಂಚಿನಲ್ಲಿ ಕಾಣುವುದು ಕೊನೆಯವರೆಗೂ ಉಳಿಯುತ್ತದಂತೆ. ಅಂದರೆ ಮೇಜು ಕಂಡೀತು, ಅದರ ಮೇಲಿಟ್ಟ ಕಾಗದ ಕಾಣುವುದಿಲ್ಲ.

ಪತ್ರದಲ್ಲಿ ಅವರು ಗರಗಸದ ಯಂತ್ರದ ಮುಂದೆ ನಿಲ್ಲಬಾರದು ಎಂದೂ ಬರೆದರು. ಅದೊಂದು ಸಾಲು ಬಿಟ್ಟುಬಿಡಿ ಎಂದು ಕೈ ಮುಗಿದೆ.

"ಅರ್ಜಿ ಓದೋಕೆ ಕಾಣ್ಸಲ್ಲ, ಗರಗಸಕ್ಕೆ ಮಾತ್ರ ಕಾಣ್ಸುತ್ತೆ ಅಂತ ಬರೆಯೋಕಾಗುತ್ತೇನ್ರಿ?" ಅಂದರು.

ಪತ್ರ ತೆಗೆದುಕೊಂಡು ಬಂದೆ.

ಮೇ ೨೭, ಮಂಗಳವಾರ

ಯಜಮಾನರಿಗೆ ಪತ್ರ ನಾನೇ ಕೊಟ್ಟೆ. ಓದಿ, ಮಡಿಸಿ, ವಾಪಸು ಕೊಟ್ಟರು. ನನ್ನ ಮಿಷನ್ನಿನ ಬೀಗದ ಕೈ ಕೇಳಲಿಲ್ಲ, ಅವರಿಗೆ ಬಾಯಿ ಬರಲಿಲ್ಲ. ನಾನೇ ಮೇಜಿನ ಮೇಲಿಟ್ಟು ಬಂದೆ.

ಮೂವತ್ತೊಂದು ವರ್ಷ. ಏನು ಬರೆಯಲಿ?

ಮೇ ೨೮, ಬುಧವಾರ

ಕೊನೆಯ ದಿನ. ಎಂಟು ಗಂಟೆಗೇ ಶಿಕ್ಷಣ ಕಚೇರಿಗೆ ಹೋದರೂ ನಮಗಿಂತ ಮುಂದೆ ಅರವತ್ತು ಜನ. ಇವಳಿಗೆ ಆಸ್ಪತ್ರೆಯ ಬಟ್ಟೆ ಇಸ್ತ್ರಿಯ ಪಾಳಿ ಇತ್ತು, ಹೇಗೂ ನಾನು ತುಂಬಿದ ಅರ್ಜಿಯನ್ನು ನಾನೇ ತಿದ್ದಬೇಕಂತೆ. ಗೇಣು ಜೊತೆಗೆ ಬಂದಳು. ಮೂರೂವರೆಗೆ ನಮ್ಮ ಸರದಿ. ಅದೇ ಕೌಂಟರು, ಅದೇ ಹೆಂಗಸು.

ಪತ್ರ ಓದಿದಳು. "ಹೋದ ವಾರ ಕಾಣುತ್ತೆ ಅಂದಿದ್ರಲ್ಲ?"

"ಸುಳ್ಳು ಹೇಳಿದ್ದೆ ತಾಯಿ."

ಅವಳು ಮತ್ತೇನೂ ಕೇಳದೆ ಹೊಸ ಅರ್ಜಿ ಕೊಟ್ಟಳು. "ಇದನ್ನೂ ನೀವೇ ತುಂಬ್ಬೇಕು. ಅಭ್ಯರ್ಥಿ ಮುಟ್ಟೋ ಹಾಗಿಲ್ಲ. ಒಂದೇ ಹಾಳೆ ಕೊಡೋದು, ಗುರುತು ಚೌಕದ ಹೊರಗೆ ಹೋದ್ರೆ ಮಿಷನ್ನು ಒಪ್ಪಲ್ಲ, ನೋಡ್ಕೊಳ್ಳಿ."

ನೋಡಿಕೊಳ್ಳುವುದೆಲ್ಲಿಂದ? ಬಿಳಿ ಹಾಳೆ, ನಡುವೆ ನನ್ನ ಬೂದು ಕಲೆ. ಚೌಕ ಅದರೊಳಗೆ ಎಲ್ಲೋ ಮುಳುಗಿತ್ತು. ಎಷ್ಟು ಬಾಗಿಲಿಗೆ ಗೆರೆ ಎಳೆದ ಕೈ, ಬೆರಳಗಲದ ಒಂದು ಚೌಕದ ಮುಂದೆ ಸೋತು ನಿಂತಿತ್ತು. ಹಿಂದೆ ಸಾಲಿನವರು ಗೊಣಗುತ್ತಿದ್ದರು. ಇಲ್ಲಿಯೂ ತಪ್ಪಿದರೆ ಮಗಳ ಮುಖ ನೋಡಿ ಬದುಕುವುದು ಹೇಗೆ?

"ಮುಟ್ಟಬಾರದು ಅಂದ್ರಲ್ವಾ ಮೇಡಂ, ಮಾತಾಡಬಹುದಾ?" ಎಂದು ಗೇಣು ಕೇಳಿದಳು.

ಹೆಂಗಸು ನಿಯಮದ ಹಾಳೆ ಮಗುಚಿ ನೋಡಿದಳು. "ಮಾತಾಡಬಾರದು ಅಂತ ಎಲ್ಲೂ ಬರೆದಿಲ್ಲ."

ಗೇಣು ಕೈ ಹಿಂದಕ್ಕೆ ಕಟ್ಟಿಕೊಂಡು ನನ್ನ ಹೆಗಲ ಹತ್ತಿರ ನಿಂತಳು. "ಅಪ್ಪಾ, ಎಡಗೈ ಹೆಬ್ಬೆರಳು ಹಾಳೆಯ ಕೆಳಗಿನ ಎಡ ಮೂಲೆಗಿಡು. ಇಟ್ಯಾ? ಅಲ್ಲಿಂದ ಮೇಲಕ್ಕೆ ಎರಡೂವರೆ ಅಂಗುಲ. ಹೂಂ, ನಿಲ್ಸು. ಈಗ ಬಲಕ್ಕೆ ಐದು."

ಅಳತೆ ಹೇಳಿದರೆ ಸಾಕು, ನನ್ನ ಕೈಗೆ ಕಣ್ಣು ಬೇಕಿಲ್ಲ. ಪೆನ್ನು ಸರಿಯಿತು.

"ಇನ್ನೂ ಎರಡು ನೂಲು ಬಲಕ್ಕೆ."

ಕಾಲು ಅಂಗುಲಕ್ಕೆ ಎರಡು ನೂಲು ಎನ್ನುವುದು ನಮ್ಮ ಕಸುಬಿನ ಲೆಕ್ಕ, ಶಾಲೆಯಲ್ಲಿ ಕಲಿಸುವುದಿಲ್ಲ. ನಾನಂತೂ ಕಲಿಸಿಲ್ಲ. ಯಾವಾಗ ಕೇಳಿಸಿಕೊಂಡಳೋ.

"ಜಾಸ್ತಿ ಆಯ್ತು. ಒಂದು ನೂಲು ವಾಪಸ್ಸು. ಅಲ್ಲೇ. ಅಲ್ಲೇ ಅಪ್ಪ. ಹಾಕು."

ಹಾಕಿದೆ. ನನ್ನ ಜೀವಮಾನದಲ್ಲಿ ಬೇಕಾದ ಬದಿಗೆ ಹಾಕಿದ ಮೊದಲ ಇಂಟು.

ಕೌಂಟರಿನ ಹೆಂಗಸು ಹಾಳೆಯನ್ನು ಎತ್ತಿ ನೋಡಿ ಮುದ್ರೆ ಒತ್ತಿದಳು. "ಚೌಕದೊಳಗೇ ಇದೆ" ಅಂದಳು. ಸೀಟು ಸಿಗುತ್ತದೆಂದು ಹೇಳಲಾಗುವುದಿಲ್ಲ, ಹನ್ನೆರಡರಲ್ಲಿ ಈಗಾಗಲೇ ಎಷ್ಟು ಹೋಗಿವೆಯೋ, ಎರಡನೆಯ ಪಟ್ಟಿಗೆ ಕಾಯಬೇಕು ಅಂದಳು.

ಹೊರಗೆ ಮೆಟ್ಟಿಲಿಳಿಯುವಾಗ ಗೇಣು ನನ್ನ ಕೈ ಹಿಡಿಯಲಿಲ್ಲ. ಒಂದು ಮೆಟ್ಟಿಲು ಮುಂದೆ ನಡೆಯುತ್ತಾ, "ಇನ್ನು ಮೂರು. ಇನ್ನೆರಡು. ನೆಲ" ಎಂದಳು. ಹಿಡಿದಿದ್ದರೆ ಕೊಡವಿಬಿಡುತ್ತಿದ್ದೆನೇನೋ, ಅವಳಿಗೆ ಗೊತ್ತಿದೆ.

ಜೂನ್ ೨, ಸೋಮವಾರ

ಗೇಟಿನ ಸ್ಟೂಲು. ಹಳಬ ಪಕ್ಕಕ್ಕೆ ಸರಿದು ಜಾಗ ಕೊಟ್ಟ.

ಜೂನ್ ೫, ಗುರುವಾರ

ಸ್ಟೂಲು. ಮಿಷನ್ನಿನ ಸದ್ದು ಇಲ್ಲಿಯವರೆಗೂ ಕೇಳಿಸುತ್ತದೆ. ಗರಗಸದ ಹಲ್ಲು ಮೊಂಡಾಗಿದೆ, ಸದ್ದಿನಲ್ಲೇ ಗೊತ್ತಾಗುತ್ತದೆ. ಹೋಗಿ ಹೇಳಿದೆ. ಪಾಲಿಶಿನವ ಬಿಚ್ಚಿ ನೋಡಿ ಹೌದೆಂದ. ಮರದಂಗಡಿಯವನ ಗಾಡಿ ಬಂದಾಗ ಹಲಗೆಗಳ ವಿಷಯಕ್ಕೆ ಕ್ಷಮೆ ಕೇಳಿದೆ. ಅವನು ನಕ್ಕು, ಒಂದು ಹಲಗೆಯನ್ನು ನನ್ನ ತೊಡೆಯ ಮೇಲಿಟ್ಟ. ಬೆರಳಾಡಿಸಿದೆ. ನೆಟ್ಟಗಿತ್ತು.

ಪಟ್ಟಿ ಇನ್ನೂ ಬಂದಿಲ್ಲ. ಗೇಣು ಊಟ ಮಾಡುತ್ತಿಲ್ಲ, ನನಗೂ ಇಳಿಯುತ್ತಿಲ್ಲ. ಪುಸ್ತಕದ ಗೆರೆ ಈಗ ಕಾಣುವುದೇ ಇಲ್ಲ. ಒಂದು ಪುಟಕ್ಕೆ ಆರು ಸಾಲು ಹಿಡಿಯುತ್ತದೆ.

ಜೂನ್ ೯, ಸೋಮವಾರ

ಎರಡನೆಯ ಪಟ್ಟಿ ಹಚ್ಚಿದ್ದಾರೆ, ಮೊದಲ ಪಟ್ಟಿಯವರ ನಂಬರೂ ಅದರಲ್ಲೇ ಇದೆಯೆಂದು ಪಾಲಿಶಿನವ ಓಡಿ ಬಂದು ಹೇಳಿದ. ಸ್ಟೂಲು ಬಿಟ್ಟು ಒಬ್ಬನೇ ಶಿಕ್ಷಣ ಕಚೇರಿಗೆ ಹೋದೆ. ಗೇಣುವಿಗೆ ಹೇಳಲಿಲ್ಲ, ಇಲ್ಲ ಅಂತಾದರೆ ಮೊದಲು ನನಗೆ ತಾಗಲಿ ಎಂದು.

ಫಲಕದ ಮುಂದೆ ಜನವೋ ಜನ. ನುಗ್ಗಿ ಮುಂದಕ್ಕೆ ಹೋದೆ. ಬಿಳಿ ಕಾಗದ, ಬೂದು ಕಲೆ. ಪಕ್ಕದಲ್ಲಿ ಕೊಡೆ ಹಿಡಿದ ಹೆಂಗಸೊಬ್ಬಳಿದ್ದಳು. "ಅಮ್ಮಾ, ನನಗೆ ಕಣ್ಣು ಕಾಣ್ಸಲ್ಲ. ಈ ನಂಬರ್ ಭೂಮಾಪನದಲ್ಲಿ ಇದೆಯಾ, ಸ್ವಲ್ಪ ಓದಿ ಹೇಳ್ತೀರಾ?" ಎಂದು ಪರೀಕ್ಷೆಯ ನಂಬರು ಹೇಳಿದೆ. ಅವಳು ಮೇಲಿನಿಂದ ಓದುತ್ತಾ ಬಂದಳು. ಆರು ಆಯಿತು, ಎಂಟು ಆಯಿತು, ಹತ್ತು ಆಯಿತು.

"ಹನ್ನೊಂದನೇದು. ಇದೆ ನೋಡಿ."

ನೋಡಲಿಲ್ಲ. ಅವಳ ಕೈ ಹಿಡಿದು ಕಣ್ಣಿಗೊತ್ತಿಕೊಂಡೆ. ಪಾಪ, ಕೊಡೆ ಕೆಳಗೆ ಬಿತ್ತು.

ಮನೆಗೆ ಬಂದಾಗ ಗೇಣು ಮುಂದಿನ ಕೋಣೆಯಲ್ಲಿ ಕೂತಿದ್ದಳು. "ಹನ್ನೊಂದು" ಅಂದೆ, ಅಷ್ಟೇ ಹೇಳಲಾದದ್ದು. ಅವಳು ಎದ್ದು ಬಂದು ನನ್ನ ಎದೆಗೆ ತಲೆ ಗುದ್ದಿದಳು, ಚಿಕ್ಕಂದಿನಲ್ಲಿ ಗುದ್ದುತ್ತಿದ್ದ ಹಾಗೆ. ಈಗ ತಲೆ ಗದ್ದಕ್ಕೆ ಬಡಿಯುತ್ತದೆ, ನಾಲಿಗೆ ಕಚ್ಚಿಕೊಂಡೆ.

ಇವಳು ಅಡುಗೆಮನೆಯಿಂದ ಬಂದು, "ಒಬ್ರೇ ಹೋಗಿದ್ರಾ? ಪಟ್ಟಿ ಯಾರು ಓದಿದ್ರು?" ಎಂದು ಕೇಳಿದಳು.

"ಯಾರೋ ಹೆಂಗಸು. ನನಗೆ ಕಣ್ಣು ಕಾಣ್ಸಲ್ಲ, ಓದಿ ಹೇಳಿ ಅಂದೆ, ಓದಿದ್ರು. ಅದರಲ್ಲೇನಿದೆ?"

ತಾಯಿ ಮಗಳು ಇಬ್ಬರೂ ಸುಮ್ಮನಾದರು. ಯಾಕೆ ಸುಮ್ಮನಾದರೋ ಗೊತ್ತಿಲ್ಲ. ಊಟಕ್ಕೆ ಬಡಿಸಿ ಎಂದು ನಾನೇ ಹೇಳಬೇಕಾಯಿತು.